ನಾಲ್ಕು ಗೂಟ, ಒಂದು ನಾಯಿ

ನಮ್ಮ ಕಡೆಯ ದೇವಸ್ಥಾನಗಳಲ್ಲಿ ದೇವರ ಮುಂದೆ ನಿಂತಾಗ ಎರಡೇ ಪ್ರಶ್ನೆ. ತಟ್ಟೆ ಕೈಗೆ ಕೊಟ್ಟ ಕೂಡಲೇ ಪೂಜಾರಿ ನಮ್ಮ ಮುಖ ನೋಡದೆ ‘ಪೇರು?’ ಎನ್ನುತ್ತಾರೆ. ಹೇಳಿದ ಮೇಲೆ ‘ನಚ್ಚತ್ತಿರಂ?’ ಎನ್ನುತ್ತಾರೆ. ಹೆಸರು, ನಕ್ಷತ್ರ ಇವೆರಡು ಸಿಕ್ಕರೆ ಅರ್ಚನೆಯನ್ನು ಒಳಗೆ ತಲುಪಿಸಿಬಿಡುತ್ತಾರೆ. ಊರು, ಬೀದಿ, ಪಿನ್‌ಕೋಡ್ ಯಾವುದೂ ಬೇಡ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವಳು ನಾನು. ಇಷ್ಟು ಕಡಿಮೆ ವಿಳಾಸಕ್ಕೆ ಏನಾದರೂ ತಲುಪುತ್ತದೆಯೇ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಅದು ನಮ್ಮ ಇಲಾಖೆಯಲ್ಲ ಎಂದು ಸುಮ್ಮನಿದ್ದೆ. ‘ಮಾದಮ್ಮ, ಹಸ್ತಂ’ ಎಂದು ಹೇಳುತ್ತ, ಕುಂಕುಮ ಇಟ್ಟುಕೊಳ್ಳುತ್ತ ಅರವತ್ತೆರಡು ವರ್ಷದವರೆಗೆ ಬಂದೆ.

ಹೋದ ಬೇಸಿಗೆಯಲ್ಲಿ ಗೊತ್ತಾಯಿತು, ವಿಳಾಸ ತಪ್ಪಂತೆ.

ಅದನ್ನು ಹೇಳುವ ಮೊದಲು ನಾನು ಕನ್ನಡ ಬರೆಯಲು ಕಲಿತದ್ದು ಹೇಗೆಂದು ಹೇಳಿಬಿಡಬೇಕು. ಇಲ್ಲದಿದ್ದರೆ ಸೇಲಂ ಜಿಲ್ಲೆಯ ಈ ಹೆಂಗಸಿನ ಪರವಾಗಿ ಬೇರೆ ಯಾರೋ ಬರೆಯುತ್ತಿದ್ದಾರೆ ಎಂದು ನೀವು ತಿಳಿಯುತ್ತೀರಿ. ನಾನು ಹುಟ್ಟಿದ್ದು ಪಾಲಕೋಡ್ ಕಡೆ, ಹೊಲ ಮತ್ತು ಕುರಿ ಎರಡೂ ಇದ್ದ ಮನೆಯಲ್ಲಿ. ಮನೆಯಲ್ಲಿ ಆಡಿದ್ದು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು. ಮದುವೆಯಾಗಿ ಬಂದದ್ದು ಶಂಕಗಿರಿಗೆ. ಅಲ್ಲಿ ಮನುಷ್ಯರಿಗಿಂತ ಲಾರಿಗಳು ಹೆಚ್ಚು. ಲಾರಿ ಆಫೀಸುಗಳ ವಿಳಾಸಕ್ಕೆ ಕರ್ನಾಟಕದ ಡ್ರೈವರುಗಳ ಮನೆಯಿಂದ ಕಾಗದ ಬರುತ್ತಿದ್ದವು. ಕನ್ನಡದಲ್ಲಿದ್ದ ಆ ವಿಳಾಸಗಳನ್ನು ಓದುವವರು ನಮ್ಮ ಕಚೇರಿಯಲ್ಲಿ ಯಾರೂ ಇರಲಿಲ್ಲ. ಬಾಯಲ್ಲಿ ಕನ್ನಡ ಇರುವವಳು ನಾನೊಬ್ಬಳೇ ಆದ್ದರಿಂದ ಕಣ್ಣಿಗೂ ಅದು ನನ್ನದೇ ಕೆಲಸ ಎಂದು ಪೋಸ್ಟ್ ಮಾಸ್ಟರು ತೀರ್ಮಾನ ಮಾಡಿದರು. ದಾರಿಯಲ್ಲಿ ನಿಂತ ಲಾರಿಗಳ ಹಿಂಭಾಗ ನೋಡಿ ಅಕ್ಷರ ಕಲಿತೆ. ವಿಳಾಸ ಓದಲು ಬಂದ ಮೇಲೆ ಒಳಗಿನದನ್ನೂ ಓದಲು ಬಂತು. ಕಾರ್ಡುಗಳಿಗೆ ಒಳಗು ಎಂಬುದು ಇರುವುದಿಲ್ಲ, ಹಾಗಾಗಿ ಅದು ತಪ್ಪೇನಲ್ಲ. ಆಮೇಲೆ ಡ್ರೈವರುಗಳು ಬಿಟ್ಟುಹೋದ ವಾರಪತ್ರಿಕೆಗಳು ಬಂದವು. ನನ್ನ ಬರವಣಿಗೆಯಲ್ಲಿ ಎಲ್ಲಾದರೂ ಬ್ರೇಕ್ ಸರಿಯಾಗಿ ಹಿಡಿಯದಿದ್ದರೆ ಕಾರಣ ಈಗ ನಿಮಗೆ ತಿಳಿದಿದೆ.

ಇನ್ನು ಹಸ್ತ. ಹಸ್ತ ನಕ್ಷತ್ರದವರ ಕೈ ಒಳ್ಳೆಯದು ಎಂದು ನಮ್ಮ ಕಡೆ ನಂಬಿಕೆ. ತಮಿಳಿನಲ್ಲಿ ಕೈರಾಸಿ ಎನ್ನುತ್ತಾರೆ. ಅಂಥವರು ಮುಟ್ಟಿದ್ದು ಬೆಳೆಯುತ್ತದೆ, ಇಟ್ಟದ್ದು ಉಳಿಯುತ್ತದೆ. ಹಾಗಾಗಿ ನಮ್ಮ ಬಳಗದ ಮದುವೆಗಳಲ್ಲಿ ಅರಿಶಿನ ಕುಟ್ಟಲು ಮೊದಲ ಒನಕೆ ಏಟು ನನ್ನದು. ನವಧಾನ್ಯದ ಮೊಳಕೆಗೆ ಮೊದಲ ಹಿಡಿ ನನ್ನದು. ಅದಕ್ಕೊಂದು ಸೀರೆ ಕೊಡುವುದು ಪದ್ಧತಿ. ನಲವತ್ತು ವರ್ಷದಲ್ಲಿ ನಾನು ಅಂಗಡಿಗೆ ಹೋಗಿ ರೇಷ್ಮೆ ಸೀರೆ ಕೊಂಡದ್ದು ನೆನಪಿಲ್ಲ. ನನ್ನ ಕೈ ನಿಜವಾಗಿ ಹೇಗೆ ಎಂದು ಕೇಳಿದರೆ, ನಾನು ನೆಟ್ಟ ಕರಿಬೇವಿನ ಗಿಡ ಮೂರು ಬಾರಿ ಒಣಗಿತು. ಇದನ್ನು ಮನೆಯವರು ಹೊರಗೆ ಹೇಳಿಲ್ಲ.

ಈ ಹಸ್ತ ನನಗೆ ಅಪ್ಪನಿಂದ ಬಂದದ್ದು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಕೊಯಿಲು ಮುಗಿದ ಮೇಲೆ ಮಾಸಿಯಿಂದ ಚಿತ್ತಿರೈವರೆಗೆ, ಅಂದರೆ ಬೇಸಿಗೆಯಿಡೀ, ಕುರಿ ಹೊಡೆದುಕೊಂಡು ಊರೂರು ಸುತ್ತುತ್ತಿದ್ದ. ಹೊಲದವರು ಕರೆದು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ರಾತ್ರಿಯಿಡೀ ಕುರಿ ಅಲ್ಲಿ ಮಲಗಿದರೆ ಹೊಲಕ್ಕೆ ಗೊಬ್ಬರ, ನಮಗೆ ರಾಗಿ. ನಾಲ್ಕು ಮೂಲೆಗೆ ನಾಲ್ಕು ಗೂಟ ಹೊಡೆದು, ಬಿದಿರ ತಡಿಕೆ ಕಟ್ಟಿದರೆ ದೊಡ್ಡಿ ಆಯಿತು. ಮಾರನೆಯ ದಿನ ಅದನ್ನೇ ಕಿತ್ತು ಪಕ್ಕದ ತುಂಡಿಗೆ ಸರಿಸಬೇಕು. ಅವ್ವ, ನಾನು, ಆಮೇಲೆ ತಮ್ಮ ಮಾದೇಶ, ಎಲ್ಲರೂ ಜೊತೆಯಲ್ಲೇ. ಚಾಪೆ ಹಾಸಿದ ಜಾಗವೇ ಮನೆ.

ಉಂಡು ಕೈ ತೊಳೆಯುವ ಹೊತ್ತಿಗೆ ತೆಂಕಣ ಆಕಾಶದಲ್ಲಿ, ನೆತ್ತಿಗಿಂತ ಸ್ವಲ್ಪ ಕೆಳಗೆ, ನಾಲ್ಕು ನಕ್ಷತ್ರ ಬಂದು ನಿಂತಿರುತ್ತಿದ್ದವು. ಬಹಳ ಹೊಳೆಯುವವಲ್ಲ. ಆದರೆ ಸುತ್ತ ಬೇರೆ ಏನೂ ಇಲ್ಲದ್ದರಿಂದ ಕಣ್ಣಿಗೆ ಬೀಳುತ್ತಿದ್ದವು. ಅಪ್ಪ ಊದುಗೊಳವೆಯಲ್ಲಿ ತೋರಿಸುತ್ತಿದ್ದ.

‘ಅದ ನೋಡು ಮಗಾ. ನಾಕು ಗೂಟ. ಅವ್ರೂ ಕುರಿ ನಿಲ್ಸವ್ರೆ.’

‘ಸೊಟ್ಟಕ್ಕೈತಲ್ಲಪ್ಪಾ.’

‘ನಿಮ್ಮ ಮಾವ ಒಡ್ದಿರೋ ಗೂಟ. ಅದ್ಕೇ ಸೊಟ್ಟಕ್ಕೈತೆ.’

ನಿಜವಾಗಿಯೂ ಅದು ಮೇಲೆ ಕಿರಿದು, ಕೆಳಗೆ ಅಗಲ. ಅವ್ವನ ತಮ್ಮ ನಮ್ಮ ಜೊತೆ ಒಂದೇ ಒಂದು ಬೇಸಿಗೆ ಬಂದಿದ್ದ, ಆಗ ಅವನು ಹೊಡೆದ ಗೂಟಗಳು ಯಾವತ್ತೂ ಸಮನಾಗಿರಲಿಲ್ಲವಂತೆ. ಅವ್ವ ಈ ಮಾತಿಗೆ ಪ್ರತಿ ಸಲವೂ ಪಾತ್ರೆ ಸದ್ದು ಮಾಡುತ್ತಿದ್ದಳು. ಕೆಳಗಿನ ಬಲಗಡೆಯ ಗೂಟದ ಆಚೆ ಇನ್ನೊಂದು ಮಂಕು ಚುಕ್ಕಿ ಇದೆ. ಅದು ನಾಯಿ, ದೊಡ್ಡಿಯ ಹೊರಗೆ ಮಲಗಿದೆ ಎನ್ನುತ್ತಿದ್ದ ಅಪ್ಪ. ನಮ್ಮ ನಾಯಿಯೂ ಹಾಗೇ, ಒಂದು ಮೂಲೆಗೆ ಹತ್ತಿ ಮಲಗುತ್ತಿತ್ತು. ದಿನ ಕಳೆದಂತೆ ಆಕಾಶದ ದೊಡ್ಡಿಯೂ ಅದೇ ಹೊತ್ತಿಗೆ ಸ್ವಲ್ಪ ಸ್ವಲ್ಪ ಪಡುವಣಕ್ಕೆ ಸರಿದಿರುತ್ತಿತ್ತು. ಅವರಿಗೂ ಆ ಹೊಲ ಮುಗಿಯಿತು ಎನ್ನುತ್ತಿದ್ದ. ಈ ವಿವರಣೆಯಲ್ಲಿ ಕೊರತೆ ಏನೂ ನನಗೆ ಇವತ್ತಿಗೂ ಕಾಣುವುದಿಲ್ಲ.

ನಾನು ಹುಟ್ಟಿದ್ದೂ ಇಂಥ ಒಂದು ಹೊಲದಲ್ಲಿ, ಹೊಲದವರ ದನದ ಕೊಟ್ಟಿಗೆಯಲ್ಲಿ. ‘ನೀನುಟ್ಟಾಗ ನಾಕು ಗೂಟ ಉಣಸೇ ಮರದ ಮ್ಯಾಗೆ ನಿಂತಿತ್ತು’ ಎಂದು ಅಪ್ಪ ಹೇಳುತ್ತಿದ್ದ. ಊರಿಗೆ ಬಂದ ಮೇಲೆ ಪಂಚಾಂಗದ ಅಯ್ಯನವರು ಅದನ್ನು ಕೇಳಿ ಹಸ್ತ ಎಂದು ಬರೆದುಕೊಟ್ಟರು. ಹುಟ್ಟಿದಾಗ ಮನೆಯ ಮೇಲೆ ಯಾವುದು ನಿಂತಿರುತ್ತದೋ ಅದೇ ನಮ್ಮ ನಕ್ಷತ್ರ ಎಂದು ನಾನು ತಿಳಿದಿದ್ದೆ. ಬೇರೆ ಹೇಗೆ ಇರಲು ಸಾಧ್ಯ ಎಂದು ಯೋಚಿಸಿಯೇ ಇರಲಿಲ್ಲ.

ಈಗ ಹೋದ ಬೇಸಿಗೆಗೆ ಬರುತ್ತೇನೆ. ಮಾದೇಶನ ಮಗಳು ನಿತ್ಯಾ, ಇಪ್ಪತ್ತೈದು ವರ್ಷ, ಧರ್ಮಪುರಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅವಳಿಗೆ ಮೇಟೂರು ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗ ಸತೀಶ, ನಮ್ಮ ಹಾಗೆಯೇ ಕನ್ನಡದ ಮನೆ, ಲೇತ್ ಪಟ್ಟರೆ, ಅಂದರೆ ವರ್ಕ್‌ಶಾಪು, ಇಟ್ಟುಕೊಂಡಿದ್ದಾನೆ. ಇಬ್ಬರೂ ನೋಡಿಕೊಂಡು, ಫೋನಿನಲ್ಲಿ ಮಾತಾಡಿಕೊಂಡು, ಒಪ್ಪಿಕೊಂಡಿದ್ದರು. ನಿತ್ಯಾ ಅವನ ಮಾತು ಬಂದರೆ ತಮಿಳಿನಿಂದ ಕನ್ನಡಕ್ಕೆ ಇಳಿಯುತ್ತಿದ್ದಳು. ಅದನ್ನು ನೋಡಿಯೇ ಇದು ದೊಡ್ಡ ವಿಷಯ ಎಂದು ನನಗೆ ಗೊತ್ತಾಗಿತ್ತು. ಆಮೇಲೆ ಜಾತಕ ಕೇಳಿದರು. ನಿತ್ಯಾ ಹುಟ್ಟಿದ್ದು ಆಸ್ಪತ್ರೆಯಲ್ಲಿ, ಗಂಟೆ ನಿಮಿಷ ಎಲ್ಲ ಬರೆದಿಟ್ಟಿದ್ದಾರೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮೂಲಾ ನಕ್ಷತ್ರ.

ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗುವುದಿಲ್ಲ ಎಂಬ ಮಾತು ನೀವೂ ಕೇಳಿರುತ್ತೀರಿ. ಅವಳು ಹೊಸಿಲು ದಾಟಿ ಒಳಗೆ ಬಂದರೆ ಮಾವ ಹೊರಗೆ ಹೋಗುತ್ತಾನೆ. ಇದಕ್ಕೆ ಮೊದಲು ಮೂರು ಕಡೆಯವರು ಇದೇ ಕಾರಣಕ್ಕೆ ಸುಮ್ಮನಾಗಿದ್ದರು. ಆ ಮೂವರ ಬಗ್ಗೆ ನಿತ್ಯಾ ತಲೆ ಕೆಡಿಸಿಕೊಂಡಿರಲಿಲ್ಲ. ಈ ಸಲ ಊಟ ಬಿಟ್ಟಳು. ಸತೀಶನ ತಾಯಿ ಖಡಾಖಂಡಿತ ಬೇಡ ಎನ್ನಲಿಲ್ಲ, ಯೋಚನೆ ಮಾಡಿ ಹೇಳುತ್ತೇವೆ ಎಂದಿದ್ದರು. ಮಾದೇಶ ನನಗೆ ಫೋನ್ ಮಾಡಿದ.

‘ಅಕ್ಕಾ, ನೀನು ಬಂದು ಒಂದ್ಸಲ ಓಗಿ ಮಾತಾಡು. ನಿಂದು ಹಸ್ತ, ಕೈರಾಸಿ ಅಂತ ಎಲ್ಲಾರ್ಗೂ ಗೊತ್ತೈತೆ. ನೀನು ಏಳಿದ್ರೆ ಕೇಳ್ತಾರೆ.’

ನಾನು ಸೀರೆ ಮಡಿಸಿಕೊಂಡು ಪಾಲಕೋಡಿನ ಬಸ್ಸು ಹತ್ತಿದೆ.

ಮೇಟೂರಿಗೆ ಹೋಗುವ ಹಿಂದಿನ ಸಂಜೆ, ಉಂಡ ಮೇಲೆ, ಮಾದೇಶನ ಮನೆಯ ಮಾಳಿಗೆಯಲ್ಲಿ ನಾನೂ ನಿತ್ಯಾಳೂ ಕೂತಿದ್ದೆವು. ಕೆಳಗೆ ಅಂಗಳದಲ್ಲಿ ಅವ್ವ ಹಗ್ಗದ ಮಂಚದ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದಳು. ಅವ್ವನಿಗೆ ಎಂಬತ್ತು ದಾಟಿದೆ, ಕಿವಿ ಮಾತ್ರ ಮೂವತ್ತರದು. ಹುಡುಗಿ ಮಂಕಾಗಿದ್ದಳು. ಬೇರೆ ಏನೂ ತೋಚದೆ ನಾನು ಆಕಾಶದಲ್ಲಿ ನನ್ನ ನಕ್ಷತ್ರ ತೋರಿಸಿದೆ, ಅಪ್ಪನ ದೊಡ್ಡಿ, ಗೂಟ, ನಾಯಿ ಎಲ್ಲ ಹೇಳಿದೆ. ಅವಳು ಫೋನು ತೆಗೆದು ಮೇಲಕ್ಕೆ ಹಿಡಿದಳು. ಈಗ ಹಾಗೆ ಹಿಡಿದರೆ ಯಾವ ನಕ್ಷತ್ರದ ಮೇಲೆ ಯಾವ ಹೆಸರು ಎಂದು ಬರುತ್ತದೆ. ಬಾಗಿಲಿಗೆ ಹಚ್ಚಿದ ನಾಮಫಲಕದ ಹಾಗೆ.

‘ಅತ್ತೆ, ಇದು ಕುರಿ ಇಲ್ಲ. ಕಾಕ್ಕಾ’ ಎಂದಳು.

ಕಾಗೆಯಂತೆ. ಗ್ರೀಕರು ಎಂಬ ಜನ ಅದನ್ನು ಕಾಗೆ ಎಂದು ನೋಡಿದರಂತೆ. ದೇವರು ನೀರು ತರಲು ಕಳಿಸಿದ ಕಾಗೆ ದಾರಿಯಲ್ಲಿ ಅತ್ತಿಹಣ್ಣು ಮಾಗಲೆಂದು ಕಾದು ಕೂತು, ತಡವಾಗಿ ಬಂದು ಸುಳ್ಳು ಹೇಳಿತಂತೆ. ಅದಕ್ಕೆ ಶಿಕ್ಷೆಯಾಗಿ ಆಕಾಶದಲ್ಲಿ ಕೂರಿಸಿ, ನೀರಿನ ಬಟ್ಟಲನ್ನು ಪಕ್ಕದಲ್ಲೇ, ಆದರೆ ಎಟುಕದ ಹಾಗೆ ಇಟ್ಟರಂತೆ. ಅಂಚೆಯಲ್ಲಿ ಇಂಥ ವಿಳಂಬಕ್ಕೆ ಒಂದು ಮೆಮೋ ಸಾಕಾಗುತ್ತಿತ್ತು.

ಹೆಸರುಗಳು ಹೆಚ್ಚಾಗಿ ಅರಬರವು. ನಿತ್ಯಾ ಒಂದೊಂದಾಗಿ ಓದಿದಳು. ಮೇಲಿನ ಬಲ ಗೂಟ ಗಿಯೆನಾ, ಅಂದರೆ ರೆಕ್ಕೆ. ಮೇಲಿನ ಎಡ ಗೂಟ ಆಲ್ಗೊರಾಬ್, ಅಂದರೆ ಕಾಗೆಯೇ. ಕೆಳಗಿನ ಬಲ ಗೂಟ ಮಿಂಕಾರ್, ಕೊಕ್ಕು. ಕಾಗೆಯ ಕೊಕ್ಕು ಕಾಗೆಯಿಂದ ಅಷ್ಟು ದೂರ ಏಕಿದೆ ಎಂದು ಕೇಳಿದೆ, ಅವಳಿಗೆ ಗೊತ್ತಿರಲಿಲ್ಲ. ಚೀನಾದವರು ಇದೇ ನಾಲ್ಕನ್ನು ಗಾಡಿ ಎಂದು ನೋಡಿದ್ದಾರೆ. ನಮ್ಮ ಪಂಚಾಂಗದವರು ನಾಯಿಯನ್ನೂ ಸೇರಿಸಿಕೊಂಡು ಐದು ಬೆರಳಿನ ಕೈ ಎಂದಿದ್ದಾರೆ, ಅದೇ ಹಸ್ತ. ಆಕಾಶದಲ್ಲಿ ಐದು ಚುಕ್ಕಿ ಇಟ್ಟರೆ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಏನಿದೆಯೋ ಅದನ್ನೇ ನೋಡುತ್ತಾರೆ.

‘ನಾಯಿ?’ ಎಂದೆ.

‘ಆಲ್ಕಿಬಾ. ಹಾಗಂದ್ರೆ ಕೂಡಾರಂ. ಟೆಂಟು.’

ಇದು ನನಗೆ ಹಿಡಿಸಿತು. ಕಾಗೆಯ ಮೈಮೇಲೆ ಟೆಂಟು ಹೊಡೆದವನು ಯಾರೋ ಗೊತ್ತಿಲ್ಲ, ಆದರೆ ಅವನು ಬಯಲಲ್ಲಿ ಮಲಗಿದವನು. ಅವನ ಹತ್ತಿರವೂ ಆಡೋ ಒಂಟೆಯೋ ಇದ್ದಿರಬೇಕು. ಅಪ್ಪನಿಗೆ ಅವನ ಜೊತೆ ಮಾತಾಡಲು ವಿಷಯ ಇರುತ್ತಿತ್ತು.

ಉಳಿದದ್ದು ಕೆಳಗಿನ ಎಡ ಗೂಟ. ಅದರ ಹೆಸರು ಕ್ರಾಜ್. ಅರ್ಥ ಕೇಳಿದರೆ ಯಾರಿಗೂ ಗೊತ್ತಿಲ್ಲ, ಹೆಸರು ಇಟ್ಟವರು ಯಾರು, ಯಾವ ಭಾಷೆ, ಏನೂ ತಿಳಿದಿಲ್ಲ ಎಂದು ಬರೆದಿದ್ದರು. ಅದು ಸೋದರಮಾವನ ಗೂಟವೇ ಇರಬೇಕು ಎಂದೆ. ನಿತ್ಯಾ ಆ ವಾರದಲ್ಲಿ ಮೊದಲ ಬಾರಿ ನಕ್ಕಳು.

ನಕ್ಕವಳು ಸುಮ್ಮನಿರಬಾರದೇ. ‘ಆದ್ರೆ ಅತ್ತೆ, ಜನ್ಮ ನಕ್ಷತ್ರ ಅಂದ್ರೆ ಮೇಲೆ ನಿಂತಿರೋದಲ್ಲ. ಅವತ್ತು ಚಂದ್ರ ಯಾವ ನಕ್ಷತ್ರದ ಹತ್ರ ಇದ್ದನೋ ಅದು. ನೀವು ಹುಟ್ಟಿದ್ದು ಯಾವತ್ತು?’

ಶಾಲೆಯ ದಾಖಲೆಯಲ್ಲಿ ವರ್ಷ ಸರಿಯಿದೆ, ದಿನ ಮಾತ್ರ ಹೆಡ್‌ಮಾಸ್ಟರು ತಮ್ಮ ಅನುಕೂಲಕ್ಕೆ ಕೊಟ್ಟದ್ದು. ನಾನು ಕೆಳಗೆ ಬಗ್ಗಿ ಅವ್ವನನ್ನು ಕೇಳಿದೆ. ಅವ್ವ ಕುಟ್ಟುವುದನ್ನು ನಿಲ್ಲಿಸದೆ, ಚಿತ್ತಿರೈ ಕಡೇಲಿ, ಹುಣ್ಣಿಮೆ ಆಗಿ ಮೂರನೇ ದಿನ, ದೀಪ ಹಚ್ಚಿ ಉಂಡ ಹೊತ್ತು ಎಂದಳು. ನಿತ್ಯಾ ಅದನ್ನು ಫೋನಿಗೆ ಹೇಳಿದಳು. ಫೋನು ಸ್ವಲ್ಪ ಸುತ್ತಿ ಉತ್ತರ ಕೊಟ್ಟಿತು. ನಿತ್ಯಾ ನನಗೆ ಓದಿ ಹೇಳದೆ ಫೋನನ್ನೇ ಕೈಗೆ ಕೊಟ್ಟಳು. ತಮಿಳಿನಲ್ಲಿ ಮೂಲಂ ಎಂದಿತ್ತು.

‘ಅತ್ತೆ, ನೀವೂನಾ?’ ಎಂದಳು.

ನನಗೆ ಮೊದಲು ನೆನಪಾದದ್ದು ಸೀರೆಗಳು. ಇದನ್ನು ಮುಚ್ಚಿಡುವುದಿಲ್ಲ. ಎರಡನೆಯದಾಗಿ ಮಾವ. ನಮ್ಮ ಮಾವನವರು, ಅಂದರೆ ಗಂಡನ ತಂದೆ, ಶಂಕಗಿರಿಯಲ್ಲಿ ಲಾರಿ ನಿಲ್ಲಿಸುವ ಪೇಟೆಯಲ್ಲಿ ಕಾವಲು ಇದ್ದವರು. ನಾನು ಹೊಸಿಲು ದಾಟಿದಾಗ ಅವರಿಗೆ ಅರವತ್ತೆರಡು. ಹಿಂದಕ್ಕೆ ಬರುತ್ತಿದ್ದ ಲಾರಿ ಒಮ್ಮೆ ಅವರನ್ನು ಕೆಡವಿತು, ಎದ್ದು ನಿಂತು ಡ್ರೈವರನಿಗೆ ರಿವರ್ಸ್ ತೆಗೆಯುವುದು ಹೇಗೆಂದು ಹೇಳಿಕೊಟ್ಟರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಬಾವಿಗೆ ಬಿದ್ದರು, ಹೇಗೂ ಇಳಿದದ್ದಾಯಿತು ಎಂದು ಹೂಳು ತೆಗೆದು ಹತ್ತಿದರು. ತೊಂಬತ್ತಮೂರರಲ್ಲಿ ತೀರಿಕೊಂಡರು. ಮೂಲಾ ನಕ್ಷತ್ರದವಳಾಗಿ ನಾನು ಕೈಕೊಟ್ಟದ್ದೇ ಹೌದಾದರೆ ಬಹಳ ನಿಧಾನವಾಗಿ ಕೊಟ್ಟಿದ್ದೇನೆ.

ಮೂರನೆಯದಾಗಿ ಅಪ್ಪ ನೆನಪಾದ. ಆಕಾಶದಲ್ಲಿ ಕಂಡದ್ದನ್ನು ಹೇಳಿದ, ಅದು ಲೆಕ್ಕಕ್ಕೆ ಬರುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ. ಮರುಕವಾಯಿತು. ಸ್ವಲ್ಪ ನಗುವೂ ಬಂತು. ‘ಪಾಪ, ಅಪ್ಪಂಗೆ ಗೊತ್ತಾಗಿಲ್ಲ’ ಎಂದೆ.

ಕೆಳಗೆ ಕುಟ್ಟುವ ಸದ್ದು ನಿಂತಿತು.

‘ಯಾರ್ಗೆ ಗೊತ್ತಾಗಿಲ್ಲ?’ ಎಂದಳು ಅವ್ವ. ‘ಕೆಳೀಕೆ ಬಾ.’

ಇಬ್ಬರೂ ಇಳಿದು ಹೋಗಿ ಮಂಚದ ಹತ್ತಿರ ನಿಂತೆವು. ಅವ್ವ ನಮ್ಮನ್ನು ಕೂರಲು ಹೇಳಲಿಲ್ಲ.

‘ವರ್ಸದಾಗೆ ಮೂರು ತಿಂಗ್ಳು ಬಯಲಾಗೆ ಮಲಗ್ತಿದ್ದೋನು. ಚಂದ್ರ ಯಾವತ್ತು ಯಾವ ಚುಕ್ಕಿ ತಾವ ಬತ್ತಾನೆ ಅಂತ ಅವ್ನಿಗೆ ಗೊತ್ತಿಲ್ವಾ? ನಿನ್ ಫೋನಿಗೆ ಗೊತ್ತೈತಾ? ನೀನುಟ್ಟಾಗ ಚಂದ್ರ ಇನ್ನಾ ಬಂದಿರ್ಲಿಲ್ಲ. ಮೊದ್ಲು ನೀನು ಬಂದೆ, ಆಮೇಕೆ ಅವ್ನು ಬಂದ. ನಿಮ್ಮಪ್ಪ ಆಚೆ ನಿಂತು ನೋಡ್ತಾ ಇದ್ದ. ಚೇಳಿನ ಕೊಂಡಿ ಚುಕ್ಕಿಗಳ ಮ್ಯಾಗೆ ಕುಂತಂಗೆ ಬಂದ ಚಂದ್ರ. ನಿಮ್ಮಪ್ಪ ಒಳೀಕೆ ಬಂದು ಏನೂ ಮಾತಾಡ್ಲಿಲ್ಲ. ಎಣ್ಣು ಕೂಸು ಅಂತ ಬ್ಯಾಸ್ರ ಆಗೈತೇನೋ ಅಂದ್ಕಂಡೆ ನಾನು.’

‘ಆಮೇಲೆ?’ ಎಂದಳು ನಿತ್ಯಾ.

‘ಆಮೇಕೆ ಅಂದ, ಇದು ಮೂಲ ಕಣೇ, ಯಾರ್ಗೂ ಏಳ್ಬ್ಯಾಡ. ನಾಳೆ ಯಾರ ಮನೇಲಿ ಯಾವ ಮುದುಕ ಸತ್ರೂ ನನ್ ಕೂಸಿನ ತಲೆಗೆ ಕಟ್ತಾರೆ ಅಂದ. ಬಾಣಂತನ ಅಲ್ಲೇ ಮುಗ್ಸಿ ಎರಡು ತಿಂಗ್ಳು ಬಿಟ್ಟು ಊರಿಗೆ ಬಂದ್ವಿ. ಅಯ್ಯನೋರು ಕೇಳಿದ್ರು, ಯಾವತ್ತು ಉಟ್ಟಿದ್ದು ಅಂತ. ಇವ್ನು ತಲೆ ಕೆರ್ಕಂಡು ನಿಂತ. ದಿನ ಎಲ್ಲಾ ಗೊತ್ತಿಲ್ಲ ಸಾಮಿ, ನಾನು ಕುರಿ ಇಂದೆ ಇದ್ದೆ, ನಾಕು ಗೂಟ ಉಣಸೇ ಮರದ ಮ್ಯಾಗೆ ನಿಂತಿತ್ತು ಅಂದ. ಅಯ್ಯನೋರು ಒಟ್ಟೆ ಇಡ್ಕಂಡು ನಕ್ರು. ಲೇ ದಡ್ಡಾ, ಅದಕ್ಕೆ ಹಸ್ತ ಅಂತಾರೆ, ಓಗು, ನಿನ್ ಮಗ್ಳಿಗೆ ಅದೇ ಸಾಕು ಅಂತ ಬರ್ಕೊಟ್ರು.’

ಅವ್ವ ಅಡಿಕೆ ಪುಡಿಯನ್ನು ಬಾಯಿಗೆ ಹಾಕಿಕೊಂಡಳು.

‘ಮನೆಗೆ ಬಂದು ಅವ್ನೂ ನಕ್ಕ’ ಎಂದಳು.

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಯ್ಯನವರ ಮುಂದೆ ಅಪ್ಪ ಹಸ್ತ ಎಂಬ ಮಾತನ್ನು ಬಾಯಿಬಿಟ್ಟು ಆಡಿರಲೇ ಇಲ್ಲ. ಹೇಳಿದ್ದು ಅಯ್ಯನವರು, ಬರೆದದ್ದೂ ಅವರು. ಅಪ್ಪ ಹೇಳಿದ್ದರಲ್ಲಿ ಸುಳ್ಳಿದ್ದದ್ದು ದಿನ ಗೊತ್ತಿಲ್ಲ ಎಂಬುದೊಂದೇ, ಅದನ್ನು ಅಯ್ಯನವರು ಕುರಿ ಕಾಯುವವನಿಂದ ನಿರೀಕ್ಷಿಸಿಯೇ ಇದ್ದರು. ಉಳಿದದ್ದು ನಿಜ. ನಾಲ್ಕು ಗೂಟ ಮರದ ಮೇಲೇ ಇತ್ತು. ಹುಟ್ಟಿ ಒಂದು ಗಂಟೆಯೂ ಆಗದ ಮಗುವಿನ ಮದುವೆಯ ದಿನದ ಬಗ್ಗೆ ಆ ಮನುಷ್ಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಯೋಚಿಸಿದ್ದ, ಅದಕ್ಕಾಗಿ ಜೀವಮಾನವಿಡೀ ದಡ್ಡ ಎನ್ನಿಸಿಕೊಂಡ. ನನಗೆ ಅಳು ಬಂತು. ಅತ್ತೆ. ಅವನು ಹೋಗಿ ಇಪ್ಪತ್ತು ವರ್ಷವಾದ ಮೇಲೆ, ಅಂಗಳದಲ್ಲಿ ಕೂತು, ಮೂಗು ಒರೆಸಿಕೊಂಡು ಚೆನ್ನಾಗಿ ಅತ್ತೆ.

ಅತ್ತು ಮುಗಿದ ಮೇಲೆ ತೊಂದರೆ ಅರ್ಥವಾಯಿತು. ನಾಳೆ ಮೇಟೂರಿನಲ್ಲಿ ನಾನು ಹಸ್ತದವಳಾಗಿ ಮಾತಾಡಿದರೆ, ಎಲ್ಲ ಒಳ್ಳೆಯದಾಗುತ್ತದೆ ಎಂದು ಹೇಳಿ ಬರಬಹುದು. ಅದನ್ನು ಯಾರು ಬೇಕಾದರೂ ಹೇಳಬಹುದು. ಮೂಲಾ ನಕ್ಷತ್ರದವಳಾಗಿ ಹೇಳಿದರೆ ತೊಂಬತ್ತಮೂರು ವರ್ಷದ ಸಾಕ್ಷಿ ನನ್ನ ಹತ್ತಿರ ಇದೆ. ಆದರೆ ಅಪ್ಪ ಮುಚ್ಚಿಟ್ಟದ್ದನ್ನು ನಾನೇ ಬಿಚ್ಚಬೇಕು. ಕೈರಾಸಿ ಹೋಗುತ್ತದೆ. ಸೀರೆ ಹೋಗುತ್ತದೆ. ಹೇಳಲೇ ಬೇಡವೇ ಎಂದು ಅವ್ವನನ್ನು ಕೇಳಿದೆ. ಅವ್ವ, ‘ನಿನ್ನ ಮಾವ ಓದ್ರಲ್ಲ, ಇನ್ನು ಯಾರ್ಗೆ ಎದುರ್ಬೇಕು’ ಎಂದು ಮಲಗಿದಳು.

ಸತೀಶನ ಮನೆಗೆ ನಾನು, ಮಾದೇಶ ಇಬ್ಬರೇ ಹೋದೆವು. ನಮ್ಮಲ್ಲಿ ಸಂಬಂಧ ಕುದುರುವವರೆಗೆ ಗಂಡಿನ ಮನೆಯಲ್ಲಿ ಹೆಣ್ಣಿನ ಕಡೆಯವರು ಊಟ ಮಾಡುವಂತಿಲ್ಲ. ಕಾಫಿ ಕುಡಿಯಬಹುದು, ಎಲೆ ಮುಂದೆ ಕೂರುವಂತಿಲ್ಲ. ಎಲೆ ಹಾಕಿದರೆ ಒಪ್ಪಿದರು ಎಂದರ್ಥ. ಆದ್ದರಿಂದ ನಾವು ಕಾಫಿ ಕುಡಿದು, ಒಳಗಿನಿಂದ ಬರುತ್ತಿದ್ದ ಅವರೆಕಾಳು ಸಾರಿನ ವಾಸನೆ ಮೂಗಿಗೆ ಹತ್ತದವರ ಹಾಗೆ ಕೂತಿದ್ದೆವು. ಸತೀಶನ ತಂದೆ ರಾಗಿ ಮಿಲ್ ಇಟ್ಟವರು, ಹುಬ್ಬಿನ ಮೇಲೆ ಹಿಟ್ಟು ಇನ್ನೂ ಇತ್ತು. ಮಾವನಾಗಲಿದ್ದ ಅವರ ಜೀವವೇ ಇಲ್ಲಿ ಗಂಡಾಂತರದಲ್ಲಿದ್ದದ್ದು, ಆದರೂ ಅವರೊಬ್ಬರು ಮಾತ್ರ ನಿರಾಳವಾಗಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು.

ಅವರ ಹೆಂಡತಿ ನನ್ನ ಹತ್ತಿರ ಸರಿದು ಕೂತರು.

‘ಅಕ್ಕಾ, ತಪ್ಪು ತಿಳ್ಕೋಬ್ಯಾಡಿ. ಎಣ್ಣು ಚಿನ್ನದಂತೋಳು. ಆದ್ರೆ ಓದ ವರ್ಸ ಇವ್ರಿಗೆ ಎದೆಗೆ ಸ್ಟೆಂಟ್ ಆಕವ್ರೆ. ಆಸ್ಪತ್ರೆ ವರಾಂಡದಾಗೆ ನಾನು ಎರಡು ದಿನ ಕುಂತಿದ್ದೆ. ನಂಗೆ ಬಯಮಾ ಇರ್ಕ್ಕು. ನಿಮ್ದು ಹಸ್ತ, ನಿಮ್ಗೆ ಇದೆಲ್ಲಾ ಅರ್ಥ ಆಗಲ್ಲ.’

ಅವರ ಭಯ ನಿಜವಾದದ್ದು. ಅದಕ್ಕೆ ನಗುವಂತಿರಲಿಲ್ಲ. ನಾನು ಕಾಫಿ ಲೋಟ ಕೆಳಗಿಟ್ಟೆ.

‘ನಂದು ಮೂಲ’ ಎಂದೆ.

ಮಾದೇಶ ನನ್ನ ಕಡೆ ತಿರುಗಿದ. ಅವನಿಗೆ ನಾವು ಹೇಳಿರಲಿಲ್ಲ.

‘ನಮ್ಮಪ್ಪ ಮುಚ್ಚಿಟ್ಟಿದ್ದ. ನೆನ್ನೆ ನಮ್ಮವ್ವ ಏಳಿದ್ಳು. ನಾನು ಮೂಲದೋಳು, ಮದ್ವೆ ಆಗಿ ಓಗಿ ನಮ್ಮ ಮಾವನ ಜತೆ ಮೂವತ್ತೊಂದು ವರ್ಸ ಒಂದೇ ಮನೇಲಿದ್ದೆ.’

‘ಮಾಮನಾರ್?’ ಎಂದರು ಆಕೆ, ಬಹಳ ಮೆಲ್ಲಗೆ.

‘ತೊಂಬತ್ತಮೂರಕ್ಕೆ ಓದ್ರು.’

‘ಏನಾಗಿತ್ತು?’

‘ಏನೂ ಆಗಿರ್ಲಿಲ್ಲ. ಮುದ್ದೆ ಉಂಡ್ರು. ಇನ್ನೊಂದು ಕೇಳಿದ್ರು. ತರೋದ್ರೊಳಗೆ ಓದ್ರು.’

‘ಇನ್ನೊಂದು ತರಾಕೆ ಯಾಕೆ ತಡ ಮಾಡಿದ್ರಿ?’ ಎಂದರು ಆಕೆ.

ಆ ಪ್ರಶ್ನೆ ನನಗೂ ಕೆಲವು ಸಲ ಬಂದದ್ದಿದೆ. ಆಗ ಮಿಲ್ಲಿನ ಯಜಮಾನರು ಬೀಸಣಿಗೆ ಪಕ್ಕಕ್ಕಿಟ್ಟರು. ನಾವು ಬಂದಾಗಿನಿಂದ ಅವರು ಆಡಿದ ಮೊದಲ ಮಾತು ಅದು.

‘ತೊಂಬತ್ತಮೂರು ಸಾಕು ನಂಗೆ.’

ಹೆಂಡತಿ ಅವರನ್ನು ಗದರುವವರ ಹಾಗೆ ನೋಡಿದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು, ಆಮೇಲೆ ನನ್ನನ್ನು ನೋಡಿ, ‘ಎಲೆ ಆಕ್ಲಾ ಅಕ್ಕಾ?’ ಎಂದರು. ಮಾದೇಶ ನನಗಿಂತ ಮೊದಲು ಎದ್ದು ಕೈ ತೊಳೆಯಲು ಹೋದ. ಅವರೆಕಾಳು ಸಾರು ಚೆನ್ನಾಗಿತ್ತು.

ಮದುವೆ ಆವಣಿಯಲ್ಲಿ, ಅಂದರೆ ಶ್ರಾವಣದ ಹೊತ್ತಿಗೆ, ಆಯಿತು. ನನ್ನ ಸುದ್ದಿ ಅಷ್ಟರಲ್ಲಿ ಬಳಗವನ್ನೆಲ್ಲ ಸುತ್ತಿ ಬಂದಿತ್ತು, ಅಂಚೆಗಿಂತ ಬೇಗ. ಅರಿಶಿನದ ಮೊದಲ ಒನಕೆಯನ್ನು ನನ್ನ ದೊಡ್ಡಪ್ಪನ ಮಗಳಿಗೆ ಕೊಟ್ಟರು. ಅವಳದು ರೋಹಿಣಿ. ಸೀರೆ ಹಸಿರು, ಕೆಂಪು ಅಂಚು, ನನಗೆ ಬಹಳ ಒಪ್ಪುತ್ತಿತ್ತು. ಬೇಸರವಾಗಲಿಲ್ಲ ಎಂದರೆ ನೀವು ನಂಬುವುದಿಲ್ಲ, ನಾನೂ ಹಾಗೆ ಹೇಳುವುದಿಲ್ಲ.

ಮದುವೆ ಕಳೆದ ಮೇಲೆ ನಿತ್ಯಾ ಗಂಡನ ಜೊತೆ ಶಂಕಗಿರಿಗೆ ಬಂದಿದ್ದಳು. ನಮ್ಮ ಬೀದಿಯ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಪೂಜಾರಿ ನನ್ನನ್ನು ಮೂವತ್ತು ವರ್ಷದಿಂದ ಬಲ್ಲವರು. ನಿತ್ಯಾ ತಟ್ಟೆ ಕೊಟ್ಟು, ಯಾರೂ ಕೇಳುವ ಮೊದಲೇ ‘ನಿತ್ಯಾ, ಮೂಲಂ’ ಎಂದು ಗಟ್ಟಿಯಾಗಿ ಹೇಳಿದಳು. ಹಿಂದೆ ನಿಂತಿದ್ದ ಇಬ್ಬರು ಹೆಂಗಸರು ನೋಡಿದರು. ನೋಡಲಿ.

ನನ್ನ ಸರದಿ ಬಂತು.

‘ಮಾದಮ್ಮ, ಮೂಲಂ’ ಎಂದೆ.

ಪೂಜಾರಿ ಮೊದಲ ಬಾರಿಗೆ ತಲೆಯೆತ್ತಿ ಮುಖ ನೋಡಿದರು. ‘ಅಮ್ಮಾ, ನೀಂಗ ಹಸ್ತಂ ದಾನೇ?’ ಎಂದರು.

‘ಅದು ನಮ್ಮಪ್ಪಂದು ಸಾಮಿ. ಅವ್ನ ಎಸ್ರಿಗೂ ಒಂದು ಮಾಡ್ಬಿಡಿ.’

ನನ್ನಪ್ಪನಿಗೆ ಅವನದೇ ಎಂದು ಒಂದು ನಕ್ಷತ್ರ ಇರಲಿಲ್ಲ. ಅವನು ಹುಟ್ಟಿದಾಗ ಯಾರೂ ಹೊರಗೆ ನಿಂತು ನೋಡಿರಲಿಲ್ಲ. ದೇವಸ್ಥಾನಕ್ಕೆ ಬಂದರೆ ಮಕ್ಕಳ ನಕ್ಷತ್ರ ಹೇಳಿ, ತನ್ನದು ಕೇಳಿದರೆ ತಲೆ ಕೆರೆದುಕೊಂಡು ನಿಲ್ಲುತ್ತಿದ್ದ. ಅರ್ಚನೆ ಬದುಕಿರುವವರ ಹೆಸರಿನಲ್ಲಿ ಮಾತ್ರ ಮಾಡಿಸುವುದು, ಇದು ನನಗೂ ಗೊತ್ತು, ಪೂಜಾರಿಗೂ ಗೊತ್ತು.

‘ಪೇರು?’ ಎಂದರು.

‘ಬೀರಣ್ಣ.’

‘ನಚ್ಚತ್ತಿರಂ?’

‘ಹಸ್ತಂ.’

ಬದುಕಿದ್ದಾರೆಯೇ ಎಂದು ಅವರು ಕೇಳಲಿಲ್ಲ. ನಾನು ತಲೆ ಕೆರೆದುಕೊಂಡು ನಿಂತೆ.